ತಿರುವಿನಲ್ಲಿ ಮೂರನೆಯ ಸೆಟ್ಟು

ಮಾತೆಂಬುದು ಮನುಷ್ಯಕುಲಕ್ಕೆ ದಕ್ಕಿದ ಅತಿ ದೊಡ್ಡ ಸವಲತ್ತು, ಅದಿಲ್ಲದೆ ನಾಲ್ಕು ಜನ ಸೇರಿ ಮಾಡುವ ಯಾವ ಕೆಲಸವೂ ಸಾಗದು ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ರಸ್ತೆ ಕೆಲಸ ಮಾಡಿಸಿದವರಲ್ಲ. ನಾನು ಮೂವತ್ತು ಚಿಲ್ಲರೆ ವರ್ಷ ಮಾಡಿಸಿದ್ದೇನೆ. ನನ್ನ ಕೈಕೆಳಗೆ ಅಚ್ಚುಕಟ್ಟಾಗಿ ನಡೆದ ಕೆಲಸಗಳನ್ನು ಲೆಕ್ಕ ಹಾಕಿದರೆ, ಅವುಗಳಲ್ಲಿ ಹೆಚ್ಚಿನವು ಪರಸ್ಪರ ಮಾತು ಬಿಟ್ಟವರಿಂದಲೇ ನಡೆದವು.

ಇಲಾಖೆಯಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವ ಯೋಗ ನನಗಿರಲಿಲ್ಲ. ಕೊಪ್ಪದಿಂದ ಶೃಂಗೇರಿಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಹಿಂದಿನ ಮಳೆಗೆ ಗುಡ್ಡ ಜಾರಿ ಅರ್ಧ ರಸ್ತೆ ಕೆಳಗಿನ ಕಣಿವೆಗೆ ಹೋಗಿತ್ತು. ಅಲ್ಲಿ ತಡೆಗೋಡೆ ಕಟ್ಟುವ ಕಂಟ್ರಾಕ್ಟರರಿಗೆ ಒಬ್ಬ ಹಳೆಯ ತಲೆ ಬೇಕಿತ್ತು, ಸೂಪರ್‌ವೈಸರ್ ಎಂಬ ಹೆಸರಿನಲ್ಲಿ. ಹೋದೆ. ಧೂಳು ಕುಡಿಯುವುದು, ಫ್ಲಾಸ್ಕಿನ ಚಹಾ ಕುಡಿಯುವುದು, ಸಂಜೆ ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದು, ಇವು ನನ್ನ ಮುಖ್ಯ ಜವಾಬ್ದಾರಿಗಳು. ನಾಲ್ಕನೆಯದು ಗಾಡಿಗಳನ್ನು ಬಿಡಿಸುವುದು.

ಉಳಿದ ಅರ್ಧ ರಸ್ತೆಯಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಹೋಗಬಹುದಿತ್ತು. ಅರ್ಧ ಕಿಲೋಮೀಟರಿನಷ್ಟು ಉದ್ದ, ಮಧ್ಯದಲ್ಲಿ ಒಂದು ದೊಡ್ಡ ತಿರುವು. ಹಾಗಾಗಿ ಮೂರು ಜನ. ಕೊಪ್ಪದ ಕಡೆಯ ತುದಿಯಲ್ಲಿ ಒಬ್ಬ, ಅವನನ್ನು ನಾವು ಮೇಲಿನವನು ಅನ್ನುತ್ತಿದ್ದೆವು. ಶೃಂಗೇರಿಯ ಕಡೆ ಕೆಳಗಿನವನು. ಇಬ್ಬರಿಗೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ; ಇಬ್ಬರಿಗೂ ಕಾಣುತ್ತಿದ್ದವನು ಮಧ್ಯದ ತಿರುವಿನವನು. ಅವನು ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಒಂದು ಕೈಯಲ್ಲಿ ಕೆಂಪು, ಒಂದು ಕೈಯಲ್ಲಿ ಹಸಿರು ಬಟ್ಟೆ ಹಿಡಿದು, ಯಾರು ಬಿಡಬೇಕು ಯಾರು ತಡೆಯಬೇಕು ಎಂದು ತೋರಿಸುತ್ತಿದ್ದ. ಕೂರುವುದಕ್ಕೆ ಕಾರಣವಿತ್ತು. ಹಿಂದೊಂದು ಕೆಲಸದಲ್ಲಿ ಜಲ್ಲಿ ಇಳಿಸುವಾಗ ಲಾರಿಯ ಹಲಗೆ ಬಿದ್ದು ಮಂಡಿ ಹೋಗಿತ್ತು. ಬುಟ್ಟಿ ಹೊರಲಾರ, ಏಣಿ ಹತ್ತಲಾರ. ರಸ್ತೆ ಕೆಲಸದಲ್ಲಿ ಕೂತು ಮಾಡುವ ಹುದ್ದೆ ಎರಡೇ, ಒಂದು ನನ್ನದು, ಇನ್ನೊಂದು ಅವನದು. ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು, ಕೊನೆಯ ವರ್ಷ. "ಈ ರಸ್ತೆಯೂ ಅವಳ ಕೋರ್ಸೂ ಒಟ್ಟಿಗೆ ಮುಗಿದ್ರೆ ಸಾಕು ಸಾರ್" ಅನ್ನುತ್ತಿದ್ದ.

ಬೆಳಿಗ್ಗೆ ಮಂಜು ಕವಿದರೆ ತಿರುವಿನವನೂ ಕಾಣುತ್ತಿರಲಿಲ್ಲ, ಅವನ ಬಟ್ಟೆಯೂ ಕಾಣುತ್ತಿರಲಿಲ್ಲ. ಆಗ ಕೊಂಬೆಯ ವಿಧಾನ. ಈ ತುದಿಯಿಂದ ಹೊರಡುವ ಕೊನೆಯ ಗಾಡಿಯ ಡ್ರೈವರನ ಕೈಗೆ ಒಂದು ಸೊಪ್ಪಿನ ಕೊಂಬೆ ಕೊಡುವುದು. ಆ ಕೊಂಬೆ ಆ ತುದಿಯವನ ಕೈಗೆ ಬಂದ ಮೇಲೆ ಅವನು ತನ್ನ ಕಡೆಯ ಗಾಡಿ ಬಿಡುವುದು. ಇದಕ್ಕೆ ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಮನುಷ್ಯರು ಮಾತ್ರ ಸರಿಯಾಗಿರಬೇಕು, ತೊಂದರೆ ಬಂದದ್ದೇ ಅಲ್ಲಿ. ಒಂದು ದಿನ ಕೊನೆಯ ಗಾಡಿಯಾಗಿ ಬಂದದ್ದು ಕುರಿ ತುಂಬಿದ ಪಿಕಪ್ಪು. ತುದಿ ತಲುಪುವಾಗ ಡ್ರೈವರ್ ಹಿಂದೆ ಸಿಕ್ಕಿಸಿದ್ದ ಕೊಂಬೆಯಲ್ಲಿ ಒಂದು ಎಲೆಯೂ ಇರಲಿಲ್ಲ. ಮೇಲಿನವನು ಬರೀ ಕೋಲನ್ನು ಒಪ್ಪಲಿಲ್ಲ, ರೂಲ್ಸಿನಲ್ಲಿ ಸೊಪ್ಪು ಎಂದಿದೆ ಎಂದು ವಾದಿಸಿದ. ಇನ್ನೊಂದು ದಿನ ಶೃಂಗೇರಿಯಲ್ಲಿ ದರ್ಶನ ಮುಗಿಸಿ ಬರುತ್ತಿದ್ದ ಬಯಲುಸೀಮೆಯ ಒಂದು ಸಂಸಾರ. ಕೆಳಗಿನವನು ಕಾರಿನ ಕಿಟಕಿಯಲ್ಲಿ ಕೊಂಬೆ ನೀಡಿದ್ದೇ ಆ ಯಜಮಾನರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ಹಿಂದಿನ ಸೀಟಿನವರಿಗೂ ಒತ್ತಿಸಿದರು, ಗಾಜಿನ ಮುಂದಿನ ಗಣಪತಿಯ ಪಕ್ಕಕ್ಕೆ ಇಟ್ಟರು. ಆ ತುದಿಯಲ್ಲಿ ಮೇಲಿನವನು ಎರಡೂ ಕೈ ಬೀಸಿ ಕೂಗಿದಾಗ ಅವನಿಗೂ ಒಂದು ನಮಸ್ಕಾರ ಮಾಡಿ ಮುಂದೆ ಹೋದರು.

ನಾನು ಬೈಕಿನಲ್ಲಿ ಕೊಪ್ಪದವರೆಗೆ ಬೆನ್ನಟ್ಟಿ ಹೋಟೆಲಿನ ಮುಂದೆ ಅವರನ್ನು ಹಿಡಿದೆ. ವಿಷಯ ಹೇಳಿದರೂ ಪೂರ್ತಿ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಅರ್ಧ ಮುರಿದು ಕೊಟ್ಟರು.

"ಅರ್ಧ ಕೊಂಬೆಗೆ ಎಷ್ಟು ಬಿಡ್ಲಿ ಸಾರ್, ಅರ್ಧ ಬಸ್ಸಾ?" ಅಂತ ಮೇಲಿನವನು ಕೇಳಿದ. ಎರಡೂ ಕಡೆ ಸೇರಿ ಒಂದು ಮೈಲಿ ಗಾಡಿ ನಿಂತಿತ್ತು.

ಆ ಸಂಜೆಯೇ ಕೂತು ಕಂಟ್ರಾಕ್ಟರರ ಕಚೇರಿಗೆ ಮೂರು ಪುಟದ ಪತ್ರ ಬರೆದೆ. ಈ ಜಾಗದಲ್ಲಿ ಮೊಬೈಲು ಸಿಗುವುದು ಒಂದೇ ಮೋರಿಯ ಮೇಲೆ, ಅದೂ ಒಂದೇ ಕಾಲಿನಲ್ಲಿ ನಿಂತರೆ. ಆದ್ದರಿಂದ ಕೈಯಲ್ಲಿ ಹಿಡಿದು ಮಾತಾಡುವ ಡಿಜಿಟಲ್ ರೇಡಿಯೋ ಸೆಟ್ಟುಗಳು ಬೇಕು ಎಂದು. ಜೀವನದಲ್ಲಿ ನಾನು ಬರೆದ ಪತ್ರಗಳಲ್ಲಿ ಮರುವಾರವೇ ಫಲ ಕೊಟ್ಟದ್ದು ಅದೊಂದೇ. ಪೆಟ್ಟಿಗೆಯಲ್ಲಿ ಮೂರು ಸೆಟ್ಟು ಬಂದವು, ಜೊತೆಗೆ ವಿವರಿಸಲು ಟೈ ಕಟ್ಟಿದ ಒಬ್ಬ ಮನುಷ್ಯ.

ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತು, ಅದೇ ಬೇಸರ. ಬದಿಯ ಗುಂಡಿ ಒತ್ತಿದರೆ ತಕ್ಷಣ ಮಾತು. ನಂಬರ್ ತಿರುವುವುದು, ರಿಂಗಾಗುವುದು, "ನೀವು ಕರೆ ಮಾಡಿರುವ ಚಂದಾದಾರರು" ಯಾವುದೂ ಇಲ್ಲ. ಒಬ್ಬ ಹೇಳಿದ್ದು ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ. ಹಳೆಯ ಸೆಟ್ಟುಗಳ ಗೊರಗೊರ ಇಲ್ಲ. ಪಕ್ಕದಲ್ಲಿ ಜೆಸಿಬಿ ಓಡುತ್ತಿದ್ದರೂ ಮನುಷ್ಯನ ದನಿ ಮಾತ್ರ ಸೋಸಿ ಬರುತ್ತದೆ. ಮಳೆಯಲ್ಲಿ ನೆನೆದರೆ ಕೆಡುವುದಿಲ್ಲ. ಬೆಳಿಗ್ಗೆ ಚಾರ್ಜಿನಿಂದ ತೆಗೆದರೆ ಸಂಜೆಯವರೆಗೆ ಬ್ಯಾಟರಿ. ಆಪತ್ತಿಗೆ ಒಂದು ಕಿತ್ತಳೆ ಗುಂಡಿ. ಒಬ್ಬನೇ ಒಂದು ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಸೆಟ್ಟೇ ಪೀಂ ಎಂದು ಬಾಯಿ ಮುಚ್ಚಿಸಿ ಇನ್ನೊಬ್ಬನಿಗೆ ಅವಕಾಶ ಕೊಡುತ್ತದೆ. ಈ ಒಂದು ಗುಣ ನಮ್ಮ ಕಡೆಯ ಸಭೆಗಳಿಗೆ ಮೊದಲೇ ಬಂದಿದ್ದರೆ ಎಂದುಕೊಂಡೆ.

ಪೆಟ್ಟಿಗೆಯ ಜೊತೆ ಕಚೇರಿಯ ಪತ್ರವೂ ಇತ್ತು. ಒಂದು ತಿಂಗಳು ನೋಡಿ. ಎರಡು ತುದಿಯವರು ನೇರವಾಗಿ ಮಾತಾಡಬಹುದಾದ್ದರಿಂದ ಮಧ್ಯದ ಒಬ್ಬ ಸಿಬ್ಬಂದಿಯನ್ನು ಕಡಿಮೆ ಮಾಡಬಹುದು, ಆ ಬಗ್ಗೆ ವರದಿ ಕಳಿಸಿ.

ಅದನ್ನು ಓದುವಾಗ ತಿರುವಿನವನು ನನ್ನ ಎದುರಿಗೇ ಇದ್ದ, ತನ್ನ ಸೆಟ್ಟಿಗೆ ಅಂಟಿದ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಲ್ಲಿ ಜೋಪಾನವಾಗಿ ಬಿಡಿಸುತ್ತ. ನನ್ನ ಮುಖ ನೋಡಿ ವಿಷಯ ಕೇಳಿದ. ಹೇಳಿದೆ. ಅವನು ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅದೇ ಜಾಗಕ್ಕೆ ಅಂಟಿಸಿದ.

"ನೀವೇ ಬರ್ದು ತರಿಸಿದ್ದಲ್ವಾ ಸಾರ್" ಅಂದ. ದೂರುವ ದನಿಯಲ್ಲ. ಹಾಗಾಗಿ ಇನ್ನೂ ಕಷ್ಟವಾಯಿತು.

ಒಂದು ಯಂತ್ರ ಕೆಡಲಿ ಎಂದು ನಾನು ಹರಸಿಕೊಂಡದ್ದು ಆ ವಾರ ಮಾತ್ರ. ಮಧ್ಯೆ ಗುಡ್ಡ ಅಡ್ಡ ಇದೆ, ತುದಿಯಿಂದ ತುದಿಗೆ ದನಿ ದಾಟದು, ಆಗ ತಿರುವಿನಲ್ಲಿ ಒಬ್ಬ ಬೇಕೇ ಬೇಕು ಎಂದು ಬರೆಯಬಹುದಲ್ಲ. ಮೇಲಿನ ತುದಿಯಿಂದ ಮಾತಾಡಿಸಿದೆ, ಸ್ಪಷ್ಟ. ಬಂಡೆಯ ಹಿಂದೆ ಕೂತು ಮಾತಾಡಿದೆ, ಸ್ಪಷ್ಟ. ಮೋರಿಯ ಪೈಪಿನೊಳಗೆ ತಲೆ ಹಾಕಿ, ಈ ವಯಸ್ಸಿನಲ್ಲಿ, ಮಾತಾಡಿದೆ. "ಸಾರ್, ಪಕ್ಕದಲ್ಲೇ ನಿಂತ ಹಾಗೆ ಕೇಳ್ತದೆ. ಎಲ್ಲಿದ್ದೀರಿ?" ಎಂದು ಕೆಳಗಿನವನು ಸಂತೋಷಪಟ್ಟ. ಪೈಪಿನಿಂದ ತಲೆ ಹೊರಗೆ ತೆಗೆದು ಕೂದಲಿನ ಕೆಸರು ಒರೆಸಿಕೊಂಡೆ.

ದಾರಿ ತೋರಿಸಿದ್ದು ರೇಡಿಯೋ ಅಲ್ಲ, ಅದನ್ನು ಹಿಡಿದವರು.

ಮೇಲಿನವನೂ ಕೆಳಗಿನವನೂ ನರಸಿಂಹರಾಜಪುರ ತಾಲೂಕಿನ ಸೀತೂರಿನ ಕಡೆಯವರು, ಅಕ್ಕಪಕ್ಕದ ಮನೆ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಕೊಪ್ಪಕ್ಕೆ ಬರುತ್ತಿದ್ದರು, ಒಬ್ಬ ಮುಂದಿನ ಬಾಗಿಲಿನ ಹತ್ತಿರ, ಇನ್ನೊಬ್ಬ ಕೊನೆಯ ಸೀಟಿನಲ್ಲಿ. ಹನ್ನೊಂದು ವರ್ಷದಿಂದ ಮಾತಿಲ್ಲ. ಕಾರಣ ಒಂದು ಕುಕ್ಕರು. ಒಂದು ವೈಕುಂಠ ಸಮಾರಾಧನೆಗೆ ಎರವಲು ಹೋದದ್ದು ವಿಷಲ್ ಇಲ್ಲದೆ ವಾಪಸು ಬಂತು ಎಂದು ಒಬ್ಬ; ವಿಷಲ್ ಇಲ್ಲದೆಯೇ ಕೊಟ್ಟಿದ್ದರು ಎಂದು ಇನ್ನೊಬ್ಬ. ಹೆಂಗಸರು ದಿನಾ ಮಾತಾಡುತ್ತಾರೆ, ಹಬ್ಬಕ್ಕೆ ಪಾಯಸ ಬೇಲಿ ದಾಟುತ್ತದೆ. ಮಾತು ಬಿಟ್ಟಿರುವುದು ಯಜಮಾನರು ಮಾತ್ರ, ಅದನ್ನು ಅವರು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದರು. ಬಟ್ಟೆಗೂ ಕೊಂಬೆಗೂ ಬಾಯಿಯಿಲ್ಲದ್ದರಿಂದ ನನಗೆ ಈವರೆಗೆ ಇದರ ತೊಂದರೆ ತಟ್ಟಿರಲಿಲ್ಲ.

ರೇಡಿಯೋ ಬಂದ ಎರಡನೆಯ ದಿನ ನಾನು ತಿರುವಿನಲ್ಲಿ ಕೂತು ಕೇಳಿಸಿಕೊಂಡ ಸಂಭಾಷಣೆ ಇದು. ಮೊದಲು ಕೆಳಗಿನವನ ದನಿ.

"ತಿರುವು, ತಿರುವು. ಆ ಮೇಲಿನ ಮನುಷ್ಯನಿಗೆ ಹೇಳು, ಏಳು ಗಾಡಿ ಬಿಟ್ಟಿದ್ದೇನೆ, ಕೊನೇದು ನೀಲಿ ಜೀಪು."

ಮೇಲಿನವನ ಸೆಟ್ಟಿನಲ್ಲೂ ಇದು ಅಕ್ಷರಶಃ ಕೇಳಿತ್ತು. ಅವನು ಉಸಿರೆತ್ತಲಿಲ್ಲ. ತಿರುವಿನವನು ಗುಂಡಿ ಒತ್ತಿದ.

"ಮೇಲೆ, ಏಳು ಗಾಡಿ ಅಂತೆ, ಕೊನೇದು ನೀಲಿ ಜೀಪಂತೆ."

"ಇಲ್ಲಿಗೆ ಬಂದದ್ದು ಹಸಿರು ಜೀಪು. ಕೇಳು ಅವನತ್ರ, ಸರಿಯಾಗಿ ನೋಡಿದಾನಾ ಅಂತ."

"ಕೆಳಗೆ, ಹಸಿರು ಅಂತೆ."

"ಕೊಪ್ಪದ ಆಸ್ಪತ್ರೇಲಿ ಕಣ್ಣು ತೋರಿಸ್ಲಿಕ್ಕೆ ಹೇಳು ಅವನಿಗೆ."

"ಮೇಲೆ, ಕಣ್ಣು ತೋರಿಸ್ಬೇಕಂತೆ."

"ಯಾರು?"

"ನೀವೇ ಅಂತೆ."

ಒಂದು ಲಕ್ಷ ಬಗೆಯ ಸೌಲಭ್ಯಗಳಿದ್ದ ಆ ಯಂತ್ರಕ್ಕೆ, ಕೇಳಿಸಿದ್ದನ್ನು ಕೇಳಿಸದ ಹಾಗೆ ಮಾಡುವ ಸೌಲಭ್ಯ ಇರಲಿಲ್ಲ. ಅದನ್ನು ಈ ಇಬ್ಬರು ಸ್ವಂತ ಶ್ರಮದಿಂದ ಒದಗಿಸಿದ್ದರು. ತಿರುವಿನವನು ಮತ್ತೊಮ್ಮೆ ಹೇಳುವವರೆಗೆ ಯಾವ ಸುದ್ದಿಯೂ ಸುದ್ದಿಯಲ್ಲ, ಯಾವ ಗಾಡಿಯೂ ಚಲಿಸದು. ನಾನು ಅವತ್ತೇ ವರದಿ ಬರೆದೆ: ರೇಡಿಯೋ ಅತ್ಯುತ್ತಮ, ಗಾಡಿಗಳು ಕಾಯುವ ಹೊತ್ತು ಅರ್ಧಕ್ಕಿಳಿದಿದೆ, ಆದರೆ ಸ್ಥಳೀಯ ಸಂವಹನ ಪರಿಸ್ಥಿತಿಯ ದೃಷ್ಟಿಯಿಂದ ತಿರುವಿನಲ್ಲಿ ಒಂದು ಮಧ್ಯಂತರ ಕೇಂದ್ರ ಅನಿವಾರ್ಯ. ಪರಿಸ್ಥಿತಿ ಎಂತಹುದು ಎಂದು ಬರೆಯಲಿಲ್ಲ. ತಿಂಗಳು ಕಳೆಯಿತು. ಎಂಜಿನಿಯರರು ಸ್ವತಃ ಬಂದು ನೋಡುತ್ತಾರೆ, ಅಲ್ಲಿಯವರೆಗೆ ಹೀಗೇ ಇರಲಿ ಎಂದು ಉತ್ತರ ಬಂತು.

ಆ ದಿನಗಳಲ್ಲಿ ನಾನೂ ತಿರುವಿನವನೂ ಬೇರೊಬ್ಬರ ಜಗಳ ಬಾಳಲಿ ಎಂದು ಹಾರೈಸುವ ಸ್ಥಿತಿಗೆ ಬಂದಿದ್ದೆವು. ಬೆಳಿಗ್ಗೆ ಸೈಟಿಗೆ ಹೋದ ಕೂಡಲೇ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಹೇಗುಂಟು?" ಎಂದು. "ಚೆನ್ನಾಗುಂಟು ಸಾರ್, ಇವತ್ತು ಬಸ್ಸಿಂದಲೂ ಬೇರೆ ಬೇರೆ ಬಾಗಿಲಲ್ಲಿ ಇಳಿದ್ರು" ಎಂದು ಅವನು ಸಮಾಧಾನ ಹೇಳುತ್ತಿದ್ದ. ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದವನಿಗೆ ಇದು ಆಯಾಸದ ಕೆಲಸ.

ಎಂಜಿನಿಯರರು ಬರುವ ವಾರವೇ ತಿರುವಿನವನ ಮಂಡಿ ಊದಿಕೊಂಡಿತು. ಸೋಮವಾರ ಅವನನ್ನು ಕೊಪ್ಪದ ಆಸ್ಪತ್ರೆಗೆ ಕಳಿಸಿ ಸ್ಟೂಲಿನ ಮೇಲೆ ನಾನೇ ಕೂತೆ. ಇವನ ಮಾತು ಅವನಿಗೆ, ಅವನ ಮಾತು ಇವನಿಗೆ. ಮಧ್ಯಾಹ್ನದ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಆಗ ಮೇಲಿನವನು ತನ್ನ ಕಡೆಯ ಬಸ್ಸು ಬಿಡಲೇ ಎಂದು ಕೇಳಿದ. ಬಿಡುವ ಮುನ್ನ ಏನೇನು ಗಮನಿಸಬೇಕು ಎಂಬುದನ್ನು ನಾನು ಇಲಾಖೆಯ ಕಾಲದ ಅಭ್ಯಾಸದಂತೆ ಮೊದಲಿನಿಂದ ವಿವರಿಸತೊಡಗಿದೆ. ಎರಡನೆಯ ಅಂಶದ ಮಧ್ಯದಲ್ಲಿ ಸೆಟ್ಟು ಪೀಂ ಎಂದು ನನ್ನ ಬಾಯಿ ಮುಚ್ಚಿಸಿತು. ಮುಚ್ಚಿದ್ದೇ ತಡ, ಕೆಳಗಿನವನ ಕೂಗು.

"ಬಿಡಬೇಡ ಮಾರಾಯಾ! ಟಿಪ್ಪರು ನುಗ್ಗಿದೆ, ನಿಲ್ಲಿಸ್ಲಿಲ್ಲ! ಬಿಡಬೇಡ!"

"ತಿರುವು" ಎಂದು ಕರೆದಿರಲಿಲ್ಲ. "ಆ ಮನುಷ್ಯನಿಗೆ ಹೇಳು" ಎಂದಿರಲಿಲ್ಲ. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದೆ. ಜಲ್ಲಿ ತುಂಬಿದ ಟಿಪ್ಪರು ನನ್ನ ಸ್ಟೂಲನ್ನು ಒಂದು ಮೊಳದಲ್ಲಿ ದಾಟಿ ಹೋಯಿತು.

"ನಿಲ್ಸಿದೆ" ಎಂದಿತು ಮೇಲಿನವನ ದನಿ. "ಬಸ್ಸು ಒಂದು ಗಾಲಿ ಒಳಗಿಟ್ಟಾಗಿತ್ತು. ನಿಲ್ಸಿದೆ." ಮತ್ತೆ ಗುಂಡಿ ಒತ್ತಿ, "ನಿಂಗೆ ಎಂತ ಆಗ್ಲಿಲ್ಲ ಅಲ್ದಾ?"

"ಕಾಲ ಮೇಲೇ ಹತ್ತಿಸ್ತಿದ್ದ. ಹಾರಿದೆ. ಇಲ್ಲ, ಎಂತ ಆಗ್ಲಿಲ್ಲ."

"ಕೂತ್ಕೊ ಮಾರಾಯ ಒಂದು ಘಳಿಗೆ. ನೀರು ಕುಡಿ. ನಾನು ಇಲ್ಲಿ ಗಾಡಿ ಹಿಡ್ಕೊಂಡಿರ್ತೇನೆ."

ಬಸ್ಸಿನಲ್ಲಿ ಎಷ್ಟು ಜನ ಇದ್ದರು ಎಂದು ನಾನು ಆಮೇಲೂ ಕೇಳಲಿಲ್ಲ. ತುಂಬಿತ್ತು. ಬ್ಯಾಟರಿಯ ಬಗ್ಗೆ, ಸೋಸಿದ ದನಿಯ ಬಗ್ಗೆ ಆ ಟೈ ಕಟ್ಟಿದವನು ಹೇಳಿದ್ದನ್ನೆಲ್ಲ ಮರೆತರೂ ಪರವಾಗಿಲ್ಲ. ಆ ಯಂತ್ರ ಯಾತಕ್ಕೆ ಎಂದು ಯಾರಾದರೂ ಕೇಳಿದರೆ ಆ ಅರ್ಧ ನಿಮಿಷ ಸಾಕು.

ಆದರೆ ಬಾಗಿಲು ತೆರೆದದ್ದು ಮತ್ತೆ ಮುಚ್ಚಲಿಲ್ಲ. ಹನ್ನೊಂದು ವರ್ಷದ ಬಾಕಿ ಮಾತು. ಯಾರ ಹಸು ಕರು ಹಾಕಿದ್ದು, ಕಡಹಿನಬೈಲಿನ ಕಡೆಯ ಮದುವೆ ಸಂಬಂಧ ಕೂಡಿಬರದೆ ಹೋದದ್ದು, ಯಾರ ಬೆನ್ನುನೋವಿಗೆ ಯಾವ ಕಷಾಯ. ಒಂದೊಂದು ನಿಮಿಷಕ್ಕೆ ಸೆಟ್ಟು ಪೀಂ ಎನ್ನುವುದು, ಇವರು ಮತ್ತೆ ಒತ್ತುವುದು. ಮಂಗಳವಾರ ತಿರುವಿನವನು ಮಂಡಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದ. ಸ್ಟೂಲಿನ ಮೇಲೆ ಕೂತು ಐದು ನಿಮಿಷ ಕೇಳಿಸಿಕೊಂಡ.

"ಎಂತ ಸಾರ್ ಇದು?"

"ರಾಜಿ ಆಗಿದೆ" ಅಂದೆ.

"ಒಳ್ಳೇದಾಯ್ತು ಬಿಡಿ" ಅಂದ. ನಿಜವಾಗಿಯೂ ಹಾಗೇ ಅನ್ನಿಸಿತ್ತು ಅವನಿಗೆ. ಆಮೇಲೆ ಸೆಟ್ಟಿನ ಧೂಳು ಒರೆಸುತ್ತ, "ಎಂಜಿನಿಯರ್ ಸಾಹೇಬ್ರು ಯಾವತ್ತು ಬರೋದು?"

"ಗುರುವಾರ."

ಎರಡು ದಿನ ಅವನು ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದಾಟಿಸಲು ಒಂದು ಮಾತೂ ಅವನ ಪಾಲಿಗೆ ಬರಲಿಲ್ಲ. ಬುಧವಾರ ಸಂಜೆ ನಾನು ತುದಿಯವರಿಬ್ಬರಿಗೂ ಕಚೇರಿಯ ಪತ್ರದ ವಿಷಯ ಹೇಳಿದೆ. ಹೇಳಿದ್ದು ಅಷ್ಟೇ. ಹೀಗೆ ಮಾಡಿ, ಹಾಗೆ ಮಾಡಿ ಅನ್ನಲಿಲ್ಲ, ಅನ್ನುವಷ್ಟು ಧೈರ್ಯವಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದೇ ಬಾಗಿಲಿನಲ್ಲಿ ಬಸ್ಸು ಹತ್ತಿದರು.

ಗುರುವಾರ ಎಂಜಿನಿಯರರು ಬಂದರು. ವಯಸ್ಸು ಚಿಕ್ಕದು, ಮುಖದಲ್ಲಿ ನನ್ನದಕ್ಕಿಂತ ಹೆಚ್ಚು ದಣಿವು. ಜೀಪಿಳಿದು ಸ್ಟೂಲಿನ ಪಕ್ಕ ನಿಂತು, "ನಡೀಲಿ, ನಾನು ಕೇಳ್ತೀನಿ" ಅಂದರು.

"ತಿರುವು, ತಿರುವು" ಎಂದು ಮೇಲಿನವನ ದನಿ ಬಂತು, ಹನ್ನೊಂದು ವರ್ಷದಲ್ಲಿ ಎಂದೂ ಇರದಷ್ಟು ಬಿಗಿಯಾಗಿ. "ಆ ಕೆಳಗಿನ ಪ್ರಾಣಿಗೆ ಹೇಳು, ನಾಲ್ಕು ಗಾಡಿ ಬಿಡ್ತಿದ್ದೇನೆ ಅಂತ."

ತಿರುವಿನವನು ತೊಡೆಯ ಮೇಲಿನ ಸೆಟ್ಟನ್ನೇ ನೋಡಿದ. ಆಮೇಲೆ ಗುಂಡಿ ಒತ್ತಿದ. "ಕೆಳಗೆ, ನಾಲ್ಕು ಗಾಡಿ ಅಂತೆ."

"ಅವನಿಗೆ ನಾಲ್ಕರವರೆಗೆ ಎಣಿಸ್ಲಿಕ್ಕೆ ಬರ್ತದಾ ಕೇಳು."

ಎಂಜಿನಿಯರರು ನನ್ನ ಕಡೆ ತಿರುಗಿದರು. "ಏನ್ರೀ ಇದು?"

"ಮಾತು ಬಿಟ್ಟಿದ್ದಾರೆ ಸಾರ್" ಎಂದು ತಿರುವಿನವನೇ ಹೇಳಿದ, ನೆಲ ನೋಡುತ್ತ.

"ಇಬ್ಬರನ್ನೂ ತೆಗೆದು ಮಾತಾಡೋರನ್ನ ಹಾಕಿ."

ಈ ಕಡೆಯಿಂದ ಗಾಳಿ ಬೀಸಬಹುದೆಂದು ನಾನು ಎಣಿಸಿರಲಿಲ್ಲ. "ಅಡಿಕೆ ಕೊಯ್ಲಿನ ಸಮಯ ಸಾರ್" ಅಂದೆ. "ಸೀತೂರಿಂದ ಶೃಂಗೇರಿವರೆಗೆ ಹುಡುಕಿದ್ರೂ ರಸ್ತೆಯಲ್ಲಿ ಬಾವುಟ ಹಿಡಿದು ನಿಲ್ಲೋಕೆ ಒಬ್ಬ ಸಿಗೋಲ್ಲ." ಇದು ಸತ್ಯ. ಅವರಿಗೂ ಗೊತ್ತಿತ್ತು, ಗೋಡೆ ಕಟ್ಟುವ ಮೇಸ್ತ್ರಿಗಳಿಗೇ ವಾರದಿಂದ ಜನ ಸಿಕ್ಕಿರಲಿಲ್ಲ.

ಅವರು ತಿರುವಿನವನನ್ನು ಕೇಳಿದರು. "ನೀನಿಲ್ಲದ ದಿನ?"

"ಸೋಮವಾರ ನಾನು ಆಸ್ಪತ್ರೆಗೆ ಹೋಗಿದ್ದೆ. ಸಾರ್ ಕೂತಿದ್ರು."

"ಏನಾಯ್ತು?"

ಪ್ರಶ್ನೆ ನನಗೆ. ನಾನು ಸುಳ್ಳು ಹೇಳಲಿಲ್ಲ. "ಒಂದು ಟಿಪ್ಪರು ನುಗ್ಗಿತು ಸಾರ್. ಸ್ವಲ್ಪದರಲ್ಲಿ ತಪ್ಪಿತು." ಹೇಗೆ ತಪ್ಪಿತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದನ್ನು ಈಗ ಯೋಚಿಸುವಷ್ಟು ಶಕ್ತಿ ನನಗಿಲ್ಲ. ಅವರು ಜೇಬಿನಿಂದ ಡೈರಿ ತೆಗೆದು ಏನೋ ಗೀಚಿದರು, ತಿರುವಿನವನ ಬ್ಯಾಂಡೇಜನ್ನು ಒಮ್ಮೆ ನೋಡಿದರು, ಜೀಪು ಹತ್ತಿದರು.

ಜೀಪಿನ ಸದ್ದು ಅಡಗುವವರೆಗೆ ಯಾರೂ ಗುಂಡಿ ಒತ್ತಲಿಲ್ಲ.

"ಹೋದ್ರಾ?" ಎಂದ ಮೇಲಿನವನು.

"ಹೋದ್ರು ಮಾರಾಯ, ನನ್ನ ದಾಟಿ ಶೃಂಗೇರಿ ಕಡೆ ಹೋದ್ರು. ನೀನೆಂತ ನಂಗೆ ಪ್ರಾಣಿ ಅಂದದ್ದು?"

"ಕೆಲಸದ ಮಾತು ಮಾತ್ರ" ಎಂದ ತಿರುವಿನವನು, ಅಧಿಕಾರದ ದನಿಯಲ್ಲಿ. "ಕೆಳಗೆ, ನಿಮ್ಮ ಕಡೆ ಬಸ್ಸು ಕಾಯ್ತಾ ಉಂಟು. ಬಿಡಿ."

ತಡೆಗೋಡೆಯ ಕೆಲಸ ಏಪ್ರಿಲ್ ಕೊನೆಗೆ ಮುಗಿಯಿತು. ಅಲ್ಲಿಯವರೆಗೆ ಸೈಟಿನಲ್ಲಿ ಮೂರು ಸೆಟ್ಟು, ಮೂರು ಜನ ಇದ್ದರು.